ಲ್ಯಾಬ್ರಡೋರೈಟ್ ಪರೀಕ್ಷೆ: ಮನೆಯ ಮೇಜಿನಿಂದ ಸೂಕ್ಷ್ಮದರ್ಶಕದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಕೊಪ್ಪಳದ ನಮ್ಮ ಮನೆಗೆ ಕಲ್ಲು ತೋರಿಸಲು ಬರುವವರು ಹೆಚ್ಚಾಗಿ ಎರಡು ಬಗೆಯ ಕಲ್ಲುಗಳನ್ನು ತರುತ್ತಾರೆ. ಒಂದು, ಅಡುಗೆಮನೆಯ ಕಟ್ಟೆಗೆ ಹಾಸಿ ಉಳಿದ ಗ್ರಾನೈಟ್ ಚಪ್ಪಡಿಯ ತುಂಡು. ಅದರ ಕಪ್ಪು ಮೈಯಲ್ಲಿ ಅಲ್ಲಲ್ಲಿ ನೀಲಿ ಬೆಳ್ಳಿಯಂಥ ಚುಕ್ಕೆಗಳು ಮಿನುಗುತ್ತಿರುತ್ತವೆ. ಇನ್ನೊಂದು, ಜಾತ್ರೆಯಲ್ಲೋ ಪ್ರವಾಸದಲ್ಲೋ ಕೊಂಡ ಪದಕದ ಕಲ್ಲು. ಸುಮ್ಮನೆ ಇಟ್ಟರೆ ಬೂದು, ಸ್ವಲ್ಪ ವಾಲಿಸಿದರೆ ನವಿಲುಗರಿಯ ನೀಲಿ. ಎರಡನ್ನೂ ಮುಂದಿಟ್ಟು ಕೇಳುವ ಪ್ರಶ್ನೆ ಒಂದೇ: ಇದು ಲ್ಯಾಬ್ರಡೋರೈಟ್ ಹೌದೋ ಅಲ್ಲವೋ? ಈ ಪ್ರಶ್ನೆಗೆ ಬಣ್ಣವನ್ನು ನೋಡಿ ಉತ್ತರ ಹೇಳುವವರೇ ಹೆಚ್ಚು, ತಪ್ಪುವವರೂ ಅವರೇ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಬಣ್ಣದ ಪರೀಕ್ಷೆಯನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಸೀಳು, ಗಡಸುತನ, ಸಾಂದ್ರತೆ, ವಕ್ರೀಭವನ ಇವು ಒಂದೇ ಮಾತು ಹೇಳಿದ ಮೇಲೆ ಬಣ್ಣದ ಸಾಕ್ಷಿಯನ್ನು ಕೇಳಿದರೆ ಸಾಕು.

ಮೊದಲು ತಿಳಿದಿರಬೇಕಾದದ್ದು

ಫೆಲ್ಡ್‌ಸ್ಪಾರ್ ಎಂಬುದು ಒಂದು ಖನಿಜದ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು; ಲ್ಯಾಬ್ರಡೋರೈಟ್ ಆ ಕುಟುಂಬಕ್ಕೆ ಸೇರಿದ್ದು. ಭೂಮಿಯ ತೊಗಟೆಯ ಅರ್ಧಕ್ಕಿಂತ ಹೆಚ್ಚು ಭಾಗ ಈ ಕುಟುಂಬದ್ದೇ. ಅದರ ಒಂದು ಕವಲಾದ ಪ್ಲೇಜಿಯೊಕ್ಲೇಸ್ ಸರಣಿಯಲ್ಲಿ ಒಂದು ತುದಿಗೆ ಸೋಡಿಯಂ ತುಂಬಿದ ಆಲ್ಬೈಟ್, ಇನ್ನೊಂದು ತುದಿಗೆ ಕ್ಯಾಲ್ಸಿಯಂ ತುಂಬಿದ ಅನಾರ್ಥೈಟ್ ಇವೆ. ಅನಾರ್ಥೈಟಿನ ಪಾಲು ಶೇ. 50ರಿಂದ 70ರವರೆಗೆ ಇದ್ದರೆ ಅದನ್ನು ಲ್ಯಾಬ್ರಡೋರೈಟ್ ಎನ್ನುತ್ತಾರೆ. ಅಂದರೆ ಈ ಹೆಸರು ರಾಸಾಯನಿಕ ಸಂಯೋಜನೆಗೆ ಸಂಬಂಧಿಸಿದ್ದೇ ಹೊರತು ಮಿಂಚಿಗಲ್ಲ. 1770ರ ಆಸುಪಾಸಿನಲ್ಲಿ ಕೆನಡಾದ ಲ್ಯಾಬ್ರಡಾರ್ ಕರಾವಳಿಯ ನೈನ್ ಬಳಿ ಮೊರೇವಿಯನ್ ಪಾದ್ರಿಗಳಿಗೆ ಸಿಕ್ಕ ಕಲ್ಲಿನಿಂದ ಈ ಹೆಸರು ಬಂತು.

ನಮ್ಮ ಕಡೆಯ ಓದುಗರಿಗೆ ಇಲ್ಲೊಂದು ಸ್ವಾರಸ್ಯವಿದೆ. ಆನೆಗೊಂದಿಯ ಬಂಡೆಗಳಲ್ಲಿ, ಬಳ್ಳಾರಿಯ ಕೋಟೆ ಗುಡ್ಡದಲ್ಲಿ ಕಾಣುವ ಗ್ರಾನೈಟಿನ ಫೆಲ್ಡ್‌ಸ್ಪಾರ್ ಪೊಟ್ಯಾಸಿಯಂ ಮತ್ತು ಸೋಡಿಯಂ ಬಗೆಯದು. ಅದರಲ್ಲಿ ಲ್ಯಾಬ್ರಡೋರೈಟನ್ನು ಹುಡುಕುವುದು ವ್ಯರ್ಥ. ಆದರೆ ಇದೇ ಗ್ರಾನೈಟನ್ನು ಸೀಳಿಕೊಂಡು ಹೊಲಗಳ ನಡುವೆ ಕರಿಗೋಡೆಯಂತೆ ಹಾದುಹೋಗುವ ಡಾಲರೈಟ್ ಡೈಕುಗಳಲ್ಲಿ, ಅಂದರೆ ನಾವು ಕರಿಕಲ್ಲು ಎನ್ನುವ ಶಿಲೆಯಲ್ಲಿ, ಇರುವ ಪ್ಲೇಜಿಯೊಕ್ಲೇಸ್ ಸಾಮಾನ್ಯವಾಗಿ ಲ್ಯಾಬ್ರಡೋರೈಟ್ ಸಂಯೋಜನೆಯದೇ. ಅದು ಮಿಂಚುವುದಿಲ್ಲ, ಏಕೆಂದರೆ ಡೈಕಿನ ಶಿಲಾಪಾಕ ಬೇಗ ತಣಿದು ಹರಳುಗಳು ಜೋಳದ ಕಾಳಿನಷ್ಟೂ ಬೆಳೆಯಲಿಲ್ಲ, ಮಿಂಚಿಗೆ ಬೇಕಾದ ಒಳಪದರಗಳು ಬೇರ್ಪಡಲು ಕಾಲವೂ ಸಿಗಲಿಲ್ಲ. ಮಿಂಚುವ ಲ್ಯಾಬ್ರಡೋರೈಟ್ ಬರುವುದು ಆಳದಲ್ಲಿ ಬಹಳ ನಿಧಾನವಾಗಿ ತಣಿದ, ಅನಾರ್ಥೊಸೈಟಿನಂಥ (ಬಹುಪಾಲು ಪ್ಲೇಜಿಯೊಕ್ಲೇಸೇ ತುಂಬಿದ) ಶಿಲೆಗಳಿಂದ. ಲ್ಯಾಬ್ರಡಾರ್, ಫಿನ್ಲೆಂಡಿನ ಯುಲಾಮಾ, ಮಡಗಾಸ್ಕರ್, ಉಕ್ರೇನ್ ಇದಕ್ಕೆ ಹೆಸರಾದ ಸ್ಥಳಗಳು.

ಬೇಕಾಗುವ ಸಾಮಗ್ರಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಎಲ್‌ಇಡಿ ಟಾರ್ಚು, ಉಕ್ಕಿನ ಚಾಕು, ಹೊಲದಲ್ಲಿ ಆಯ್ದ ಚೂಪಾದ ಬೆಣಚುಕಲ್ಲು, ಹೊಳಪಿಲ್ಲದ ಹಿಂಬದಿಯುಳ್ಳ ಒಂದು ಬಿಳಿ ಟೈಲ್ಸ್ ತುಂಡು, 0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತೂಕದ ಯಂತ್ರ, ಗಾಜಿನ ಲೋಟ, ತೆಳುವಾದ ನೈಲಾನ್ ದಾರ, ಉಷ್ಣಮಾಪಕ, ಒಂದು ಪೋಲರೈಸ್ಡ್ ತಂಪುಕನ್ನಡಕ ಮತ್ತು ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಲವಂಗದ ಎಣ್ಣೆಯ ಚಿಕ್ಕ ಬಾಟಲಿ. ಇವುಗಳಲ್ಲಿ ಹಣ ಹಾಕಿ ಕೊಳ್ಳಬೇಕಾದದ್ದು ತೂಕದ ಯಂತ್ರ ಮತ್ತು ಭೂತಗನ್ನಡಿ; ಅಗ್ಗದ್ದೆಂದು ಭೂತಗನ್ನಡಿಯಲ್ಲಿ ರಾಜಿಯಾಗಬೇಡಿ, ಅಂಚಿನಲ್ಲಿ ಬಣ್ಣ ಸೋರುವ ಗಾಜು ಈ ಕೆಲಸಕ್ಕೆ ಶತ್ರು.

ಹಂತ 1: ಕಲ್ಲನ್ನು ತೊಳೆದು ನೋಡುವುದು

ಮೊದಲು ಕಲ್ಲನ್ನು ಸಾಬೂನು ನೀರಿನಲ್ಲಿ ತೊಳೆದು ಒರೆಸಿ. ನಂತರ ಭೂತಗನ್ನಡಿಯ ಕೆಳಗೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ಮೂರು ಸಂಗತಿಗಳನ್ನು ಗಮನಿಸಿ: ಇದು ಒಂದೇ ಹರಳೋ, ಹಲವು ಹರಳುಗಳು ಹೆಣೆದುಕೊಂಡ ಶಿಲೆಯೋ, ಹೊಳಪು ಗಾಜಿನಂತಿದೆಯೋ, ಸೀಳಿದ ಮುಖದಲ್ಲಿ ಮುತ್ತಿನಂತಿದೆಯೋ, ಒಳಗೆ ಏನಾದರೂ ಸೇರಿಕೊಂಡಿದೆಯೋ. ಲ್ಯಾಬ್ರಡೋರೈಟಿನೊಳಗೆ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಸಾಲುಗಟ್ಟಿದ ಕಪ್ಪು ಸೂಜಿಗಳು ಅಥವಾ ಚಿಕ್ಕ ತಟ್ಟೆಗಳು ಕಾಣುತ್ತವೆ. ಅವು ಇಲ್ಮನೈಟ್, ಮ್ಯಾಗ್ನೆಟೈಟ್‌ನಂಥ ಕಬ್ಬಿಣದ ಆಕ್ಸೈಡುಗಳು. ಕಲ್ಲಿನ ಕಡುಬೂದು ಮೈಬಣ್ಣಕ್ಕೆ ಇವೇ ಕಾರಣ, ಮತ್ತು ಮಿಂಚು ಎದ್ದು ಕಾಣುವುದಕ್ಕೆ ಈ ಕಪ್ಪು ಹಿನ್ನೆಲೆಯೇ ಆಸರೆ. ಬದಲಿಗೆ ಒಳಗೆ ದುಂಡು ಗುಳ್ಳೆಗಳು ಕಂಡರೆ ಅದು ಗಾಜು, ಪರೀಕ್ಷೆ ಅಲ್ಲಿಗೇ ಮುಗಿಯಿತು.

ಹಂತ 2: ಸೀಳು ಮತ್ತು ಗೀರುಗಳು

ಲ್ಯಾಬ್ರಡೋರೈಟ್ ತ್ರಿನತ ಹರಳು ಪದ್ಧತಿಗೆ ಸೇರಿದ್ದು. ಅದರ ಮೂರು ಅಕ್ಷಗಳಲ್ಲಿ ಯಾವ ಎರಡೂ ಒಂದಕ್ಕೊಂದು ಲಂಬವಾಗಿಲ್ಲ. ಇದರ ಪರಿಣಾಮವನ್ನು ಒರಟು ತುಂಡಿನಲ್ಲಿ ಕಣ್ಣಿಂದಲೇ ನೋಡಬಹುದು. ಕಲ್ಲು ಎರಡು ದಿಕ್ಕುಗಳಲ್ಲಿ ನುಣುಪಾಗಿ ಸೀಳುತ್ತದೆ, ಆ ಎರಡು ಮುಖಗಳ ನಡುವಿನ ಕೋನ ಸುಮಾರು 86 ಡಿಗ್ರಿ (ಇನ್ನೊಂದು ಪಕ್ಕದಿಂದ ಅಳೆದರೆ 94). ಪ್ಲೇಜಿಯೊಕ್ಲೇಸ್ ಎಂಬ ಗ್ರೀಕ್ ಮೂಲದ ಹೆಸರಿಗೆ ಓರೆಯಾಗಿ ಒಡೆಯುವುದು ಎಂದೇ ಅರ್ಥ. ಶಾಲೆಯ ಕೋನಮಾಪಕವನ್ನು ಅಂಚಿಗೆ ಹಿಡಿದು ನಾಲ್ಕು ಡಿಗ್ರಿಯ ವ್ಯತ್ಯಾಸವನ್ನು ಅಳೆಯುವುದು ಸುಲಭವಲ್ಲ, ಆದರೆ ಬೆಣಚುಕಲ್ಲಿಗೆ ಇಂಥ ಸೀಳೇ ಇರುವುದಿಲ್ಲವಾದ್ದರಿಂದ ಎರಡು ನುಣುಪು ಮುಖಗಳು ಸಿಕ್ಕರೂ ಅದು ದೊಡ್ಡ ಸುಳಿವು.

ಇದಕ್ಕಿಂತ ನಂಬಿಕಸ್ಥ ಗುರುತು ಗೀರುಗಳು. ಹೆಚ್ಚು ನುಣುಪಾದ ಸೀಳುಮುಖವನ್ನು ಟಾರ್ಚಿನ ಬೆಳಕಿಗೆ ನಿಧಾನವಾಗಿ ವಾಲಿಸಿದರೆ, ಸ್ಕೇಲು ಹಿಡಿದು ಎಳೆದಂತೆ ನೇರವಾದ, ಒಂದಕ್ಕೊಂದು ಸಮಾನಾಂತರವಾದ ಸೂಕ್ಷ್ಮ ಪಟ್ಟೆಗಳು ಕಾಣುತ್ತವೆ. ಹರಳು ಬೆಳೆಯುವಾಗ ಒಂದು ಪದರ ಹಾಗೆ, ಮುಂದಿನ ಪದರ ಅದರ ಕನ್ನಡಿ ಬಿಂಬದ ಹಾಗೆ ಜೋಡಣೆಗೊಂಡ ಅವಳಿ ರಚನೆಯ ಗುರುತು ಇದು. ಆಲ್ಬೈಟ್ ಅವಳಿ ಎಂದು ಕರೆಯುತ್ತಾರೆ. ಈ ಪಟ್ಟೆಗಳು ಕಂಡರೆ ಕಲ್ಲು ಪ್ಲೇಜಿಯೊಕ್ಲೇಸ್ ಎಂಬುದು ಬಹುಮಟ್ಟಿಗೆ ಖಚಿತ, ಏಕೆಂದರೆ ಪೊಟ್ಯಾಸಿಯಂ ಬಗೆಯ ಫೆಲ್ಡ್‌ಸ್ಪಾರಾದ ಆರ್ಥೋಕ್ಲೇಸಿನಲ್ಲಿ ಅವು ಇರುವುದಿಲ್ಲ. ಒಂದು ಎಚ್ಚರಿಕೆ: ಪಟ್ಟೆಗಳು ಒಂದು ಸೀಳುಮುಖದಲ್ಲಿ, ಬಣ್ಣದ ಮಿಂಚು ಬಹುಪಾಲು ಇನ್ನೊಂದರಲ್ಲಿ. ಮಿಂಚುವ ಮುಖದಲ್ಲೇ ಪಟ್ಟೆ ಹುಡುಕಿ ಸಿಗಲಿಲ್ಲವೆಂದು ಕಲ್ಲನ್ನು ತಿರಸ್ಕರಿಸಬಾರದು. ನಯಗೊಳಿಸಿದ ಪದಕದಲ್ಲಿ ಸೀಳುಮುಖವೇ ಉಳಿದಿರುವುದಿಲ್ಲವಾದ್ದರಿಂದ ಅದಕ್ಕೆ ಮುಂದಿನ ಹಂತಗಳೇ ಗತಿ.

ಹಂತ 3: ಗಡಸುತನ ಮತ್ತು ಒರೆ

ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾನದಲ್ಲಿ ಇದರ ಗಡಸುತನ 6ರಿಂದ 6.5. ಸಾಮಾನ್ಯ ಚಾಕು ಇದನ್ನು ಗೀರಲಾರದು, ಕಿಟಕಿಯ ಗಾಜನ್ನು ಇದು ಗೀರುತ್ತದೆ, ಬೆಣಚುಕಲ್ಲು ಇದನ್ನು ಗೀರುತ್ತದೆ. ಚಾಕು ಎಳೆದ ಜಾಗದಲ್ಲಿ ಬೆಳ್ಳಿ ಬಣ್ಣದ ಗೆರೆ ಮೂಡಿದರೆ ಒದ್ದೆ ಬೆರಳಿನಿಂದ ಉಜ್ಜಿ. ಅಳಿಸಿಹೋದರೆ ಅದು ಕಲ್ಲಿನ ಗಾಯವಲ್ಲ, ಉಕ್ಕಿನ ಪುಡಿ. ಟೈಲ್ಸಿನ ಹಿಂಬದಿಗೆ ತಿಕ್ಕಿದರೆ ಬಿಳಿ ಒರೆ ಬೀಳುತ್ತದೆ. ಹಟ್ಟಿಯ ಚಿನ್ನದ ಸೀಮೆಯವರಿಗೆ ಒರೆಗಲ್ಲಿನ ಮಹತ್ವ ಹೇಳಿಕೊಡಬೇಕಿಲ್ಲ. ಇಲ್ಲಿ ಅದರ ಉಪಯೋಗ ಮುಂದೆ ಹೇಳುವ ಒಂದು ಮೋಸದ ಕಲ್ಲನ್ನು ಹಿಡಿಯಲು ಬರುತ್ತದೆ. ಈ ಎರಡೂ ಪರೀಕ್ಷೆಗಳನ್ನು ಒರಟು ತುಂಡಿನ ಮೇಲೆ, ಇಲ್ಲವೇ ಪದಕದ ಬೆನ್ನಿನ ಮೂಲೆಯಲ್ಲಿ ಮಾತ್ರ ಮಾಡಬೇಕು.

ಹಂತ 4: ಸಾಪೇಕ್ಷ ಸಾಂದ್ರತೆ

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ, ಏಕೆಂದರೆ ಇದು ಕಲ್ಲಿಗೆ ಗಾಯ ಮಾಡುವುದಿಲ್ಲ ಮತ್ತು ಉತ್ತರವನ್ನು ಅಂಕಿಯಲ್ಲಿ ಕೊಡುತ್ತದೆ. ಸಾಪೇಕ್ಷ ಸಾಂದ್ರತೆ ಎಂದರೆ ಅಷ್ಟೇ ಗಾತ್ರದ ನೀರಿಗಿಂತ ಕಲ್ಲು ಎಷ್ಟು ಪಟ್ಟು ಭಾರ ಎಂಬ ಅಂಕಿ. ಲ್ಯಾಬ್ರಡೋರೈಟಿನದು 2.68ರಿಂದ 2.72. ಹೋಲಿಕೆಗೆ ಆರ್ಥೋಕ್ಲೇಸ್ ಬಗೆಯ ಚಂದ್ರಕಾಂತ ಶಿಲೆ (ಮೂನ್‌ಸ್ಟೋನ್) ಸುಮಾರು 2.57, ಆಲ್ಬೈಟ್ 2.62, ಬೆಣಚುಕಲ್ಲು 2.65, ಅನಾರ್ಥೈಟ್ 2.76.

ಮೊದಲು ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ನಂತರ ಲೋಟಕ್ಕೆ ಮುಕ್ಕಾಲು ನೀರು ತುಂಬಿ, ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ, ಲೋಟವನ್ನು ತೂಕದ ಯಂತ್ರದ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕಲ್ಲನ್ನು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ ಆದರೆ ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಇಳಿಬಿಡಿ. ಈಗ ಯಂತ್ರ ತೋರಿಸುವುದು ಕಲ್ಲಿನ ತೂಕವಲ್ಲ, ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಇದರಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಕಲ್ಲಿಗೆ ಅಂಟಿದ ಗಾಳಿಗುಳ್ಳೆಗಳನ್ನು ಕಡ್ಡಿಯಿಂದ ತಟ್ಟಿ ಬಿಡಿಸುವುದನ್ನು ಮರೆಯಬಾರದು; ದ್ರಾವಣದ ಹನಿ ಬೆರೆಸಿದ್ದೂ ಅದಕ್ಕಾಗಿಯೇ.

ನಮ್ಮ ಕಡೆಯ ಬೇಸಿಗೆಯಲ್ಲಿ ಇದಕ್ಕೊಂದು ತಿದ್ದುಪಡಿ ಬೇಕು. ಮೇ ತಿಂಗಳಲ್ಲಿ ಮಾಳಿಗೆಯ ಟ್ಯಾಂಕಿನಿಂದ ಬರುವ ನಲ್ಲಿ ನೀರು 40 ಡಿಗ್ರಿ ತಲುಪಿರುತ್ತದೆ, ಆಗ ನೀರಿನ ಸಾಂದ್ರತೆ 0.992ಕ್ಕೆ ಇಳಿದಿರುತ್ತದೆ, 25 ಡಿಗ್ರಿಯಲ್ಲಿ ಅದು 0.997. ಜಾತ್ರೆಯೊಂದರಲ್ಲಿ ಚಂದ್ರಕಾಂತ ಎಂಬ ಹೆಸರಿನಲ್ಲಿ ನಾನೇ ಕೊಂಡ ಕಲ್ಲಿನ ಒಣ ತೂಕ 8.64 ಗ್ರಾಂ. ನಲ್ಲಿಯ ಬಿಸಿ ನೀರಿನಲ್ಲಿ ಅದು 3.19 ಗ್ರಾಂ ತೋರಿಸಿತು, ಭಾಗಿಸಿದರೆ 2.71, ನೀರಿನ ಸಾಂದ್ರತೆಯಿಂದ ಗುಣಿಸಿದ ಮೇಲೆ 2.69. ಮಣ್ಣಿನ ಮಡಕೆಯ ತಣ್ಣೀರು 25 ಡಿಗ್ರಿ ಇದ್ದಾಗ 3.20 ಗ್ರಾಂ ತೋರಿಸಿತು. ತಿದ್ದಿದ ಉತ್ತರ ಮತ್ತೆ 2.69. ಎರಡು ಬಾರಿಯೂ ಒಂದೇ ಅಂಕಿ ಬಂದದ್ದರಿಂದ ಅದು 2.57ರ ಚಂದ್ರಕಾಂತವಲ್ಲ ಎಂದು ಖಾತ್ರಿಯಾಯಿತು. ಮಾರಿದಾತ ಮೋಸ ಮಾಡಿದನೆಂದು ನಾನು ಹೇಳಲಾರೆ. ತಿಳಿಬಣ್ಣದ ಲ್ಯಾಬ್ರಡೋರೈಟನ್ನು ಕಾಮನಬಿಲ್ಲಿನ ಚಂದ್ರಕಾಂತವೆಂದು ಮಾರುವುದು ಹರಳಿನ ಪೇಟೆಯಲ್ಲಿ ಜಗತ್ತಿನಾದ್ಯಂತ ನಡೆದುಬಂದ ರೂಢಿ.

ಕಲ್ಲು ಬಹಳ ಚಿಕ್ಕದಾಗಿದ್ದರೆ ಈ ವಿಧಾನವನ್ನು ಅತಿಯಾಗಿ ನಂಬಬಾರದು. ಎರಡು ಗ್ರಾಂ ಕಲ್ಲು ಸರಿಸುವ ನೀರು ಕೇವಲ 0.74 ಗ್ರಾಂ, ಯಂತ್ರ 0.01 ಗ್ರಾಂ ತಪ್ಪಿದರೂ ಉತ್ತರ 2.67ರಿಂದ 2.74ರವರೆಗೆ ಓಲಾಡುತ್ತದೆ. ಅಷ್ಟರಲ್ಲಿ ಚಂದ್ರಕಾಂತವನ್ನು ಹೊರಗಿಡಬಹುದು, ಆದರೆ ಪ್ಲೇಜಿಯೊಕ್ಲೇಸ್ ಸರಣಿಯೊಳಗೆ ಕಲ್ಲು ನಿಂತ ಜಾಗವನ್ನು ಹೇಳಲಾಗದು.

ಹಂತ 5: ಧ್ರುವೀಕೃತ ಬೆಳಕು

ಇಲ್ಲಿಂದ ದ್ಯುತಿಗುಣಗಳು ಆರಂಭ. ಕಂಪ್ಯೂಟರಿನ ಎಲ್‌ಸಿಡಿ ಪರದೆಯಿಂದ ಹೊರಡುವ ಬೆಳಕು ಒಂದೇ ಸಮತಲದಲ್ಲಿ ಕಂಪಿಸುವ ಧ್ರುವೀಕೃತ ಬೆಳಕು. ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ತಂಪುಕನ್ನಡಕದ ಗಾಜನ್ನು ಅದರ ಮುಂದೆ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಪರದೆ ಕಪ್ಪಾಗುತ್ತದೆ. ಆ ಸ್ಥಿತಿಯಲ್ಲಿ ಗಾಜನ್ನು ಅಲುಗಿಸದೆ, ನಡುವೆ ಕಲ್ಲಿನ ತೆಳುವಾದ, ಬೆಳಕು ಹಾಯುವ ಚಕ್ಕೆಯನ್ನು ಹಿಡಿದು ತಿರುಗಿಸಿ. ಲ್ಯಾಬ್ರಡೋರೈಟ್ ದ್ವಿವಕ್ರೀಭವನ ಉಳ್ಳ, ಅಂದರೆ ಹಾಯುವ ಬೆಳಕನ್ನು ಎರಡಾಗಿ ಒಡೆಯುವ, ಖನಿಜವಾದ್ದರಿಂದ ಒಂದು ಪೂರ್ತಿ ಸುತ್ತಿನಲ್ಲಿ ಚಕ್ಕೆ ನಾಲ್ಕು ಬಾರಿ ಬೆಳಗಿ ನಾಲ್ಕು ಬಾರಿ ಮಂಕಾಗುತ್ತದೆ. ಅವಳಿ ಪದರಗಳಿದ್ದರೆ ಒಮ್ಮೆಗೇ ಪೂರ್ತಿ ಕಪ್ಪಾಗದೆ ಪಟ್ಟೆಪಟ್ಟೆಯಾಗಿ ಕಾಣಬಹುದು. ಕಲ್ಲಿನ ಬದಲು ಗಾಜಿನ ನಕಲಿ ಚೂರಾದರೆ ಅದು ಹೇಗೆ ತಿರುಗಿಸಿದರೂ ಕಪ್ಪಾಗಿಯೇ ಉಳಿಯುತ್ತದೆ, ಅಥವಾ ಒತ್ತಡದಿಂದಾಗಿ ಹಾವಿನಂತೆ ಹರಿದಾಡುವ ಮಬ್ಬು ಬೆಳಕನ್ನು ತೋರಿಸುತ್ತದೆ.

ಭೂವಿಜ್ಞಾನ ವಿಭಾಗವಿರುವ ಕಾಲೇಜಿನಲ್ಲಿ ಪರಿಚಯವಿದ್ದರೆ 0.03 ಮಿಲಿಮೀಟರ್ ದಪ್ಪದ ಶಿಲಾಛೇದವನ್ನು ಶಿಲಾ ಸೂಕ್ಷ್ಮದರ್ಶಕದಲ್ಲಿ ನೋಡುವುದು ಉತ್ತಮ. ಅಡ್ಡ ಧ್ರುವಕಗಳ (ಒಂದಕ್ಕೊಂದು ಲಂಬವಾಗಿಟ್ಟ ಎರಡು ಧ್ರುವೀಕರಣ ಫಲಕಗಳ) ನಡುವೆ ಕಪ್ಪು ಬಿಳಿ ಪಟ್ಟೆಗಳ ಜಮಖಾನೆಯಂತೆ ಕಾಣುವ ಈ ಖನಿಜ, ಬೂದು ಮತ್ತು ಬಿಳಿ ಛಾಯೆಗಳನ್ನು ಮೀರಿ ಗಾಢ ಬಣ್ಣ ತೋರಿಸುವುದು ಅಪರೂಪ. ಏಕೆಂದರೆ ಅದರ ದ್ವಿವಕ್ರೀಭವನ 0.008ರಿಂದ 0.010 ಮಾತ್ರ. ಬೆಳಕು ಎರಡಾಗಿ ಒಡೆಯದೆ ಹಾಯುವ ದಿಕ್ಕುಗಳು (ದ್ಯುತಿ ಅಕ್ಷಗಳು) ಇದರಲ್ಲಿ ಎರಡು, ಅವುಗಳ ನಡುವಿನ ಕೋನ 80 ಡಿಗ್ರಿಯ ಆಸುಪಾಸು. ಅವಳಿ ಪಟ್ಟೆಗಳು ಎಡಕ್ಕೂ ಬಲಕ್ಕೂ ಎಷ್ಟು ಡಿಗ್ರಿಗೆ ಕಪ್ಪಾಗುತ್ತವೆ ಎಂದು ಹಲವು ಹರಳುಗಳಲ್ಲಿ ಅಳೆದು, ಅವುಗಳಲ್ಲಿ ಗರಿಷ್ಠ ಕೋನವನ್ನು ತೆಗೆದುಕೊಂಡರೆ ಲ್ಯಾಬ್ರಡೋರೈಟಿಗೆ ಅದು ಸುಮಾರು 28ರಿಂದ 38 ಡಿಗ್ರಿ ಬರುತ್ತದೆ. ನಮ್ಮ ಕರಿಕಲ್ಲಿನೊಳಗಿನ ಮಿಂಚದ ಲ್ಯಾಬ್ರಡೋರೈಟನ್ನು ಗುರುತಿಸಲು ಇದೇ ದಾರಿ.

ಹಂತ 6: ಲವಂಗದ ಎಣ್ಣೆಯಲ್ಲಿ ವಕ್ರೀಭವನಾಂಕ

ವಕ್ರೀಭವನಾಂಕ ಎಂದರೆ ಒಂದು ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ. ಲ್ಯಾಬ್ರಡೋರೈಟಿನದು 1.56ರ ಸುತ್ತ ಇದೆ, ಚಂದ್ರಕಾಂತದ್ದು 1.52ರ ಸುತ್ತ. ಶುದ್ಧ ಲವಂಗದ ಎಣ್ಣೆಯದು ಸುಮಾರು 1.53, ಅಂದರೆ ಇವೆರಡರ ನಡುವೆ. ಇದಕ್ಕಿಂತ ಅನುಕೂಲದ ದ್ರವವನ್ನು ಹುಡುಕಿದರೂ ಸಿಗದು. ಗಾಜಿನ ಪಟ್ಟಿಯ ಮೇಲೆ ಕಲ್ಲಿನ ಸಕ್ಕರೆ ಕಾಳಿನಷ್ಟು ಚೂರುಗಳನ್ನು ಹಾಕಿ, ಒಂದು ಹನಿ ಎಣ್ಣೆ ಬಿಟ್ಟು, ಶಾಲೆಯ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಬೆಳಕನ್ನು ತಗ್ಗಿಸಿ ನೋಡಿ. ಚೂರಿನ ಅಂಚಿನಲ್ಲಿ ಒಂದು ಬೆಳಕಿನ ಗೆರೆ ಕಾಣುತ್ತದೆ. ಇದು ಬೆಕೆ ರೇಖೆ. ಮಸೂರವನ್ನು ಚೂರಿನಿಂದ ನಿಧಾನವಾಗಿ ಮೇಲಕ್ಕೆತ್ತಿದಾಗ ಈ ಗೆರೆ ಹೆಚ್ಚಿನ ವಕ್ರೀಭವನಾಂಕವಿರುವ ಕಡೆಗೆ ಸರಿಯುತ್ತದೆ. ಚೂರಿನ ಒಳಕ್ಕೆ ಸರಿದರೆ ಲ್ಯಾಬ್ರಡೋರೈಟ್ ಇರಬಹುದು, ಎಣ್ಣೆಯ ಕಡೆಗೆ ಸರಿದರೆ ಖಂಡಿತ ಅಲ್ಲ.

ಅಂಗಡಿಯ ಎಣ್ಣೆಯಲ್ಲಿ ಕಲಬೆರಕೆ ಇದ್ದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಆದ್ದರಿಂದ ಮೊದಲು ಬೆಣಚುಕಲ್ಲಿನ ಚೂರಿನಿಂದಲೂ ಒಂದು ಚಂದ್ರಕಾಂತದ ಚೂರಿನಿಂದಲೂ ಎಣ್ಣೆಯನ್ನು ಪರೀಕ್ಷಿಸಿ, ಬೆಣಚುಕಲ್ಲಿನಲ್ಲಿ (1.544ರಿಂದ 1.553) ಗೆರೆ ಒಳಕ್ಕೂ, ಚಂದ್ರಕಾಂತದಲ್ಲಿ ಹೊರಕ್ಕೂ ಹೋದರೆ ಎಣ್ಣೆ ನಂಬಲು ಯೋಗ್ಯ.

ಹಂತ 7: ಕೊನೆಗೆ ಬಣ್ಣ

ಒಂದೇ ದೀಪವಿರುವ ಕೋಣೆಯಲ್ಲಿ, ದೀಪವನ್ನು ನಿಮ್ಮ ಹೆಗಲ ಹಿಂದೆ ಬರುವಂತೆ ಇಟ್ಟುಕೊಂಡು ಕುಳಿತುಕೊಳ್ಳಿ. ನಡುಮಧ್ಯಾಹ್ನದ ಬಳ್ಳಾರಿಯ ಬಿಸಿಲು ಈ ಕೆಲಸಕ್ಕೆ ಬೇಡ; ಎಲ್ಲ ದಿಕ್ಕಿನಿಂದ ಚಿಮ್ಮುವ ಬೆಳಕಿನಲ್ಲಿ ಮಿಂಚು ತೊಳೆದುಹೋಗುತ್ತದೆ. ಕಲ್ಲನ್ನು ನಿಧಾನವಾಗಿ ವಾಲಿಸುತ್ತ ಎರಡು ಬೇರೆ ಬೇರೆ ಹೊಳಪುಗಳನ್ನು ಗುರುತಿಸಿ: ಮೇಲ್ಮೈ ಕನ್ನಡಿಯಂತೆ ದೀಪವನ್ನು ಪ್ರತಿಫಲಿಸುವ ಬಿಳಿ ಹೊಳಪು ಒಂದು, ಒಳಗಿನಿಂದ ಹಾಳೆಯಂತೆ ಎದ್ದುಬರುವ ಬಣ್ಣದ ಮಿಂಚು ಇನ್ನೊಂದು. ನಿಜವಾದ ಲ್ಯಾಬ್ರಡೋರೈಟಿನಲ್ಲಿ ಇವೆರಡು ಸಾಮಾನ್ಯವಾಗಿ ಬೇರೆ ಬೇರೆ ವಾಲಿಕೆಗಳಲ್ಲಿ ಕಾಣುತ್ತವೆ, ಏಕೆಂದರೆ ಬಣ್ಣ ಕೊಡುವ ಪದರಗಳು ಮೇಲ್ಮೈಗೆ ಸಮಾನಾಂತರವಾಗಿರಬೇಕೆಂಬ ನಿಯಮವಿಲ್ಲ. ಲೋಹದ ಲೇಪ ಹಚ್ಚಿದ ನಕಲಿ ಕಲ್ಲಿನಲ್ಲಿ ಬಣ್ಣವೂ ಮೇಲ್ಮೈಯ ಹೊಳಪೂ ಯಾವಾಗಲೂ ಒಟ್ಟಿಗೇ ಬರುತ್ತವೆ. ಲೇಪದ ಕಲ್ಲುಗಳನ್ನು ಹಿಡಿಯಲು ಇದಕ್ಕಿಂತ ಸರಳ ಉಪಾಯ ನನಗೆ ಗೊತ್ತಿಲ್ಲ.

ಇಳಕಲ್ ಸೀರೆಯ ಬಿಸಿಲುನೆರಳು ಬಣ್ಣಕ್ಕೆ ಇದನ್ನು ಹೋಲಿಸುವುದುಂಟು. ಹೋಲಿಕೆ ಕಣ್ಣಿಗೆ ಸರಿ, ಕಾರಣಕ್ಕೆ ಸರಿಯಲ್ಲ. ಸೀರೆಯಲ್ಲಿ ಹಾಸಿನ ಎಳೆಗಳಿಗೆ ಒಂದು ಬಣ್ಣದ, ಹೊಕ್ಕಿನ ಎಳೆಗಳಿಗೆ ಇನ್ನೊಂದು ಬಣ್ಣದ ನೂಲಿರುತ್ತದೆ. ಕಲ್ಲಿನಲ್ಲಿ ಬಣ್ಣದ ವಸ್ತುವೇ ಇಲ್ಲ. ಬಿಸಿಯಾಗಿದ್ದಾಗ ಒಂದೇ ಆಗಿದ್ದ ಹರಳು ನಿಧಾನವಾಗಿ ತಣಿಯುವಾಗ ಕ್ಯಾಲ್ಸಿಯಂ ಸ್ವಲ್ಪ ಹೆಚ್ಚಿರುವ ಪದರ, ಸೋಡಿಯಂ ಸ್ವಲ್ಪ ಹೆಚ್ಚಿರುವ ಪದರ ಎಂದು ಒಂದರ ಮೇಲೊಂದರಂತೆ ಬೇರ್ಪಡುತ್ತದೆ. 1924ರಲ್ಲಿ ಈ ಬಣ್ಣದ ಬಗ್ಗೆ ವಿಸ್ತಾರವಾಗಿ ಬರೆದ ಡೆನ್ಮಾರ್ಕಿನ ಖನಿಜವಿಜ್ಞಾನಿ ಬಾಗ್ಗಿಲ್ಡ್ ಹೆಸರನ್ನೇ ಈ ಹೆಣಿಗೆಗೆ ಇಟ್ಟಿದ್ದಾರೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರು ಎ. ಜಯರಾಮನ್ ಅವರೊಡನೆ ಇದೇ ಖನಿಜದ ರಚನೆ ಮತ್ತು ಮಿಂಚಿನ ಕುರಿತು 1950ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಪದರಗಳನ್ನು ನೇರವಾಗಿ ತೋರಿಸಿದ್ದು ಆಮೇಲೆ ಬಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ.

ಪ್ರತಿ ಪದರದ ಗಡಿಯಿಂದ ಸ್ವಲ್ಪ ಸ್ವಲ್ಪ ಬೆಳಕು ಹಿಂದಿರುಗುತ್ತದೆ. ಆ ಅಲೆಗಳಲ್ಲಿ ಒಂದು ನಿರ್ದಿಷ್ಟ ಬಣ್ಣದವು ಮಾತ್ರ ಹೆಜ್ಜೆಗೆ ಹೆಜ್ಜೆ ಕೂಡಿಕೊಂಡು ಬಲಗೊಳ್ಳುತ್ತವೆ, ಉಳಿದವು ಅಷ್ಟಾಗಿ ಕೂಡುವುದಿಲ್ಲ, ಇದೇ ವ್ಯತಿಕರಣ. ನೇರವಾಗಿ ನೋಡುವಾಗ ಬಲಗೊಳ್ಳುವ ಬೆಳಕಿನ ತರಂಗದೂರವು ಒಂದು ಜೋಡಿ ಪದರದ ದಪ್ಪವನ್ನು ವಕ್ರೀಭವನಾಂಕದಿಂದಲೂ ಎರಡರಿಂದಲೂ ಗುಣಿಸಿದಷ್ಟಿರುತ್ತದೆ. ಹಿಂದಿನಿಂದ ಲೆಕ್ಕ ಹಾಕಿದರೆ 450 ನ್ಯಾನೊಮೀಟರಿನ ನೀಲಿ ಮಿಂಚಿಗೆ ಜೋಡಿಯ ದಪ್ಪ ಸುಮಾರು 145 ನ್ಯಾನೊಮೀಟರ್, 640ರ ಕೆಂಪಿಗೆ ಸುಮಾರು 205. ತಲೆಗೂದಲೊಂದರ ದಪ್ಪದೊಳಗೆ ಇಂಥ ನೂರಾರು ಜೋಡಿಗಳು ಹಿಡಿಸುತ್ತವೆ. ಹಾಗಾಗಿ ನಿಮ್ಮ ಕಲ್ಲು ಕೆಂಪು ಅಥವಾ ಬಂಗಾರದ ಬಣ್ಣ ತೋರಿಸಿದರೆ ಅದರ ಪದರಗಳು ನೀಲಿ ಕಲ್ಲಿನವುಗಳಿಗಿಂತ ದಪ್ಪ ಎಂದು ಅಳೆಯದೆಯೇ ಹೇಳಬಹುದು.

ಇದನ್ನೇ ಪರೀಕ್ಷೆಯಾಗಿಯೂ ಬಳಸಬಹುದು. ಬೆಳಕೂ ಕಣ್ಣೂ ಎದುರುಬದುರಾಗಿ ವಾಲಿದಷ್ಟೂ ಬಣ್ಣ ನೀಲಿಯ ಕಡೆಗೆ ಸರಿಯಬೇಕು. ಪದರಗಳ ಲಂಬದಿಂದ ಎರಡೂ 30 ಡಿಗ್ರಿ ವಾಲಿದರೆ 530ರ ಹಸಿರು ಸುಮಾರು 502ರ ನೀಲಿಹಸಿರಿಗೆ ಇಳಿಯುತ್ತದೆ. ಇನ್ನೂ ವಾಲಿಸಿದರೆ ಮಿಂಚು ಒಮ್ಮೆಲೇ ಆರಿ ಬರಿಯ ಬೂದು ಉಳಿಯುತ್ತದೆ. ಬಣ್ಣ ಕೆಂಪಿನ ಕಡೆಗೆ ಸರಿದರೆ ನೀವು ಪಕ್ಕದ ಇನ್ನೊಂದು ವಲಯವನ್ನು ನೋಡುತ್ತಿದ್ದೀರಿ ಎಂದೇ ಅರ್ಥ, ಏಕೆಂದರೆ ಒಂದೇ ಹರಳಿನಲ್ಲಿ ಪದರದ ದಪ್ಪ ಜಾಗದಿಂದ ಜಾಗಕ್ಕೆ ಬದಲಾಗಬಹುದು.

ಗೊಂದಲಕ್ಕೆ ಎಡೆಮಾಡುವ ಕಲ್ಲುಗಳು

ಆರಂಭದಲ್ಲಿ ಹೇಳಿದ ಅಡುಗೆಕಟ್ಟೆಯ ತುಂಡಿಗೆ ಈಗ ಉತ್ತರ ಹೇಳಬಹುದು. ಪೇಟೆಯಲ್ಲಿ ಬ್ಲೂ ಪರ್ಲ್ ಎಂದು ಮಾರುವ ಚಪ್ಪಡಿ ನಾರ್ವೆಯ ಲಾರ್ವಿಕ್ ಪ್ರದೇಶದ ಲಾರ್ವಿಕೈಟ್ ಎಂಬ ಶಿಲೆ; ಅದರಲ್ಲಿ ಮಿನುಗುವುದೂ ಫೆಲ್ಡ್‌ಸ್ಪಾರೇ, ಆದರೆ ಅದು ಕ್ಷಾರಭರಿತ (ಸೋಡಿಯಂ, ಪೊಟ್ಯಾಸಿಯಂ ಹೆಚ್ಚಿರುವ) ಬಗೆಯದು, ಲ್ಯಾಬ್ರಡೋರೈಟ್ ಅಲ್ಲ. ಇದು ಶಿಲೆಯಾದ್ದರಿಂದ ಇಡೀ ತುಂಡನ್ನು ತೂಗಿ ಪಡೆದ ಸಾಂದ್ರತೆಯಿಂದ ಪ್ರಯೋಜನವಿಲ್ಲ. ಮಿನುಗುವ ಹರಳನ್ನು ಬಿಡಿಸಿ ಹಂತ 6ಕ್ಕೆ ಒಳಪಡಿಸಬೇಕು. ವೋಲ್ಗಾ ಬ್ಲೂ ಎಂಬ ಹೆಸರಿನ ಚಪ್ಪಡಿಯಾದರೆ ಅದು ಉಕ್ರೇನಿನದು, ಅದರಲ್ಲಿ ಮಿಂಚುವುದು ನಿಜವಾದ ಲ್ಯಾಬ್ರಡೋರೈಟ್.

ಸಂಡೂರಿನ ಕಡೆಯವರು ಕೆಲವೊಮ್ಮೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ ಕಟ್ಟಿದ ಕಬ್ಬಿಣದ ಅದಿರನ್ನು ತಂದು ತೋರಿಸುತ್ತಾರೆ. ಕೈಗೆತ್ತಿಕೊಂಡಾಗಲೇ ಭಾರದಿಂದ ಅನುಮಾನ ಬರುತ್ತದೆ. ಟೈಲ್ಸಿಗೆ ತಿಕ್ಕಿದರೆ ಬಿಳಿಯ ಬದಲು ಅದಿರು ಲಾರಿಗಳ ದೂಳಿನದೇ ಕೆಂಗಂದು ಒರೆ ಬಿದ್ದು ಸಂಶಯ ತೀರುತ್ತದೆ.

ಇಟ್ಟುಕೊಳ್ಳುವ ರೀತಿ

ಎರಡು ಸೀಳುಗಳಿರುವ ಕಲ್ಲಾದ್ದರಿಂದ ಬಿದ್ದರೆ, ಬಿಸಿಯಿಂದ ಒಮ್ಮೆಲೇ ತಣ್ಣಗಾದರೆ ಒಡೆಯಬಹುದು. ಆಭರಣದಂಗಡಿಯ ಶ್ರವಣಾತೀತ (ಅಲ್ಟ್ರಾಸಾನಿಕ್) ತೊಳೆಯುವ ಯಂತ್ರ ಮತ್ತು ಹಬೆ ಎರಡನ್ನೂ ತಪ್ಪಿಸಿ. ಕ್ಯಾಲ್ಸಿಯಂ ಪಾಲು ಹೆಚ್ಚಿರುವುದರಿಂದ ಹೈಡ್ರೋಕ್ಲೋರಿಕ್ ಆಮ್ಲ ಇದನ್ನು ನಿಧಾನವಾಗಿ ತಿನ್ನುತ್ತದೆ. ಬಚ್ಚಲು ತೊಳೆಯುವ ಆಸಿಡ್ಡಿನ ಹತ್ತಿರ ಸುಳಿಯಗೊಡಬೇಡಿ. ನಮ್ಮ ಊರುಗಳ ದೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ, ಅವುಗಳ ಗಡಸುತನ 7. ದೂಳು ಕೂತ ಕಲ್ಲನ್ನು ಒಣ ಬಟ್ಟೆಯಿಂದ ಒರೆಸಿದರೆ ಪ್ರತಿ ಸಲವೂ ಕಣ್ಣಿಗೆ ಕಾಣದ ಗೀರು ಬೀಳುತ್ತದೆ, ಕೆಲವು ವರ್ಷಗಳಲ್ಲಿ ಮಿಂಚು ಮಬ್ಬಾಗುತ್ತದೆ. ಮೊದಲು ಉಗುರುಬೆಚ್ಚಗಿನ ನೀರು ಹಾಯಿಸಿ ದೂಳನ್ನು ಕಳೆಯಿರಿ, ಆಮೇಲೆ ಹಳೆಯ ಮೆತ್ತನೆಯ ಪಂಚೆಯ ತುಂಡಿನಿಂದ ಒತ್ತಿ ನೀರನ್ನು ಹೀರಿಸಿ.